ಹಗೇವಿಗೆ ಇಳಿದ ಗಾಡಿ

ಲಿಂಗಸುಗೂರು
21 ಮೇ 2025, ಬುಧವಾರ ಮಧ್ಯಾಹ್ನ

ಪ್ರೀತಿಯ ಹುಸ್ನಾ,

ಈ ಪತ್ರದ ಜೊತೆ ಒಂದು ಡಬ್ಬಿ ಬರುತ್ತದೆ. ನೋಡಿದ ಕೂಡಲೇ ನಿನಗೆ ಗುರುತು ಸಿಗುತ್ತದೆ, ನೀನೇ ಕೊಟ್ಟದ್ದು. ಕಳೆದ ದಸರಾ ರಜೆಯಲ್ಲಿ ನನ್ನ ಮಗಳು ಮಿತ್ರಾಳ ಕೈಗೆ ಇಟ್ಟು, "ಖರೇ ಓಡೋದನ್ನ ಕಟ್ಟು ನೋಡೂಣು" ಎಂದಿದ್ದೆ. ಪ್ಲಾಸ್ಟಿಕ್ ಇಟ್ಟಿಗೆಗಳು, ಗೇರುಗಳು, ಚಕ್ರಗಳು, ರಿಮೋಟು ಬಹುಪಾಲು ಇವೆ. ಮೋಟಾರು ಮಾತ್ರ ಮೂರರ ಬದಲು ಒಂದೇ ಇದೆ. ಉಳಿದೆರಡು ಎಲ್ಲಿ ಹೋದವು ಎಂದು ಹೇಳಲು ಕೂತಿದ್ದೇನೆ.

ಫೋನ್ ಮಾಡಬಹುದಿತ್ತು. ಮೂರು ಸಲ ನಿನ್ನ ನಂಬರ್ ಹಚ್ಚಿ ಕಟ್ ಮಾಡಿದೆ. ನಿನ್ನ ದನಿ ಕೇಳಿದರೆ ನಾನು ನಕ್ಕು, ಏನಾದರೂ ಒಂದು ಸುಳ್ಳು ಹೇಳಿ ಇಟ್ಟುಬಿಡುತ್ತೇನೆ. ಟೀಚರ್ ಟ್ರೇನಿಂಗ್ ಹಾಸ್ಟೆಲಿನಲ್ಲಿ ಜಗಳವಾದಾಗ ಚೀಟಿ ಬರೆದು ನಿನ್ನ ದಿಂಬಿನ ಕೆಳಗೆ ಇಡುತ್ತಿದ್ದೆನಲ್ಲ, ಇದೂ ಅಂಥದ್ದೇ ಎಂದುಕೋ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡ. ದವಾಖಾನೆಯ ಬೆಂಚಿನ ಮೇಲೆ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಒಳಗೆ ಮಲಗಿರುವವನು ನನ್ನ ತಮ್ಮ ಹುಲಿಗೇಶ. ನಿನ್ನನ್ನು ಎಷ್ಟೋ ಸಲ ಸಿಂಧನೂರು ಬಸ್ಸಿನಲ್ಲಿ ಮುಂದಿನ ಸೀಟಿಗೆ ಕೂರಿಸಿಕೊಂಡು ಬಂದ ಡ್ರೈವರ್ ಸಾಹೇಬ. ಕಣ್ಣು ಬಿಡುತ್ತಾನೆ, ಮತ್ತೆ ಮುಚ್ಚುತ್ತಾನೆ. ಮೂರು ದಿನದಿಂದ ಮಾತಿಲ್ಲ. ಮಿದುಳಿಗೆ ಎಷ್ಟು ಹೊತ್ತು ಗಾಳಿ ಸಿಕ್ಕಿರಲಿಲ್ಲವೋ, ಮಾತು ಬರುವವರೆಗೆ ಏನೂ ಹೇಳಲು ಆಗುವುದಿಲ್ಲ ಎನ್ನುತ್ತಾರೆ ಡಾಕ್ಟರು.

ನಿಮ್ಮದು ಕಾಲುವೆ ನೀರಿನ ಭತ್ತದ ಸೀಮೆ, ಹಗೇವು ನೀನು ನೋಡಿರಲಿಕ್ಕಿಲ್ಲ. ನಮ್ಮ ಪಾಮನಕಲ್ಲೂರಿನ ಕಡೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗಡಿಗೆಯಂತೆ ಅಗಲ, ಎರಡಾಳು ಆಳ. ಈಗ ಯಾರೂ ಬಳಸುವುದಿಲ್ಲ. ಹುಲಿಗೇಶ ಹೋದ ವರ್ಷ ಊರಲ್ಲಿ ಒಂದು ಹಳೆಯ ಹಿತ್ತಲು ಕೊಂಡನಲ್ಲ, ಅದರಲ್ಲಿ ಅಂಥದೊಂದು ಬಂಡೆ ಮುಚ್ಚಿಕೊಂಡು ಬಿದ್ದಿತ್ತು. ಮನೆಗೆ ಬುನಾದಿ ಹಾಕುವ ಮೊದಲು ಅದಕ್ಕೆ ಮಣ್ಣು ತುಂಬಬೇಕು, ಆಳ ಎಷ್ಟಿದೆ ನೋಡಿ ಹೇಳಿ ಎಂದು ಮೇಸ್ತ್ರಿ ಅಲ್ಲಾಭಕ್ಷ್ ಹೇಳಿ ಹೋಗಿದ್ದರು. ಭಾನುವಾರ ಬೆಳಿಗ್ಗೆ ಬಂಡೆ ಸರಿಸಿದರು.

ನಮ್ಮವ್ವ ಯಂಕಮ್ಮ ಅಲ್ಲೇ ನಿಂತು ನಮಗೆಲ್ಲ ತಾಕೀತು ಮಾಡಿದಳು. ಸಣ್ಣವಳಿದ್ದಾಗ ಅವಳನ್ನು ಗೌಡರ ಹಗೇವಿಗೆ ಇಳಿಸುತ್ತಿದ್ದರಂತೆ, ಜೋಳ ತುಂಬಿ ಮೇಲೆ ಕಳಿಸಲು. "ಮದ್ಲ ದೀಪ ಇಳಸ್ತಿದ್ರು, ಆಮ್ಯಾಲ ನನ್ನ ಇಳಸ್ತಿದ್ರು. ದೀಪ ಆರಿದ್ರ ಅವತ್ತು ಯಾರೂ ಇಳಿಯಂಗಿಲ್ಲ. ಇಳಿಯಾವ್ರು ನಡಕ್ಕ ಹಗ್ಗ ಬಿಗಕೋಬೇಕು" ಎಂದಳು. ಮುಚ್ಚಿಟ್ಟ ಹಗೇವಿನಲ್ಲಿ ಹಳೆಯ ಕಾಳು ಕೊಳೆತು ಉಸಿರಾಡುವ ಗಾಳಿಯೇ ಇರುವುದಿಲ್ಲ. ಅಲ್ಲಿನ ಕೆಟ್ಟ ಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇಷ್ಟು ಹೇಳಿ ಅವ್ವ ಓಣಿಯ ಚಾಂದ್‌ಬೀ ಮನೆಗೆ ಕೂಸು ನೋಡಲು ಹೋದಳು. ಹಿತ್ತಲಲ್ಲಿ ಉಳಿದವರು ನಾವು ಮೂವರೇ, ನಾನು, ಹುಲಿಗೇಶ, ಮಿತ್ರಾ.

ಇಳಿಯುವುದೇ ಬೇಡ ಎಂದವಳು ಮಿತ್ರಾ. ಇದನ್ನು ನೀನು ಮರೆಯಬಾರದು ಹುಸ್ನಾ. "ಮಾಮಾ, ನೀ ಇಳೀಬ್ಯಾಡ, ನನ್ನ ಗಾಡಿ ಇಳೀಲಿ" ಎಂದಳು. ನೀನು ನಡೆಸುವ ಮಕ್ಕಳ ಯಂತ್ರ ಕಟ್ಟುವ ಸ್ಪರ್ಧೆಗೆಂದು ಎರಡು ತಿಂಗಳಿಂದ ಕಟ್ಟುತ್ತಿದ್ದ ಆರು ಚಕ್ರದ ಗಾಡಿ ಅದು. ಒಂದು ಮೋಟಾರು ಓಡಿಸಲು, ಒಂದು ಹೊರಳಿಸಲು. ಸಣ್ಣ ಗೇರಿನಿಂದ ದೊಡ್ಡ ಗೇರು ತಿರುಗಿಸಿದರೆ ಗಾಡಿ ಮೆಲ್ಲಗೆ ಹೋದರೂ ಎಂಥ ದಿಬ್ಬವನ್ನಾದರೂ ಏರುತ್ತದೆ ಎಂದು ನೀನು ಕಲಿಸಿದ್ದೆಯಲ್ಲ, ಹಾಗೇ ಮಾಡಿದ್ದಳು. ಮುಂದೆ ಎರಡು ಬಿಳಿ ದೀಪ. ಗಾಡಿಯ ಬೆನ್ನ ಮೇಲೆ ಇಟ್ಟಿಗೆಗಳಿಂದಲೇ ಸಣ್ಣ ಗೂಡು ಕಟ್ಟಿ, ಅದರಲ್ಲಿ ಮಾವನ ಫೋನನ್ನು ವಿಡಿಯೋ ಹಚ್ಚಿ ನಿಲ್ಲಿಸಿದಳು. ಹುಲಿಗೇಶನ ಸಂಭ್ರಮ ನೋಡಬೇಕಿತ್ತು! "ನಮ್ಮ ಡಿಪೋಕ್ಕ ಇಂಥದೊಂದು ಕೊಡಸವಾ, ನಾ ಮನ್ಯಾಗ ಕುಂತು ಡ್ಯೂಟಿ ಮಾಡ್ತೀನಿ" ಎಂದು ನಕ್ಕ.

ತಂತಿ ಕಟ್ಟಿ ಇಳಿಬಿಟ್ಟರು. ಗಾಡಿಯ ಮೇಲಿನ ಕೊಂಡಿಯೂ ಪ್ಲಾಸ್ಟಿಕ್ಕಿನದೇ. ತಳ ಮುಟ್ಟಿ ನಾಲ್ಕು ಗೇಣು ಓಡಿರಬೇಕು, ಗೋಡೆಗೆ ತಾಗಿ ಕೊಂಡಿ ಕಳಚಿಕೊಂಡಿತು. ಹಳೆಯ ಹೊಟ್ಟಿನಲ್ಲಿ ಚಕ್ರ ಹೂತುಹೋಯಿತು. ಮಿತ್ರಾ ರಿಮೋಟು ಒತ್ತಿದಷ್ಟೂ ಮೋಟಾರು ಅಲ್ಲೇ ಗುರ್ರೆನ್ನುತ್ತಿತ್ತು. ಫೋನು ಕೆಳಗೆ, ಹುಲಿಗೇಶನಿಗೆ ಎರಡು ಗಂಟೆಗೆ ಡ್ಯೂಟಿ. ನಾನು ಮಿತ್ರಾಳನ್ನು ಹಿತ್ತಲ ಗೋಡೆಯಾಚೆಯ ಮನೆಗೆ ಹಗ್ಗ ತರಲು ಕಳಿಸಿದೆ.

ಕೆಳಗೆ ಗಾಡಿಯ ದೀಪ ಉರಿಯುತ್ತಲೇ ಇತ್ತು. ಅದನ್ನು ನೋಡಿ ಗಾಳಿ ಇದೆ ಎಂದುಕೊಂಡು ಹುಲಿಗೇಶ ಇಳಿಯಲು ಮನಸ್ಸು ಮಾಡಿದ. ಮಿತ್ರಾ ಹಗ್ಗ ತಂದು ಕೊಟ್ಟು ಸುಮ್ಮನೆ ನಿಂತಳು. ಅವನು ನಡಕ್ಕೆ ಬಿಗಿದುಕೊಂಡು ಏಣಿ ಇಳಿದ. ತಳಕ್ಕೆ ಹೋಗಿ ಗಾಡಿ ಎತ್ತಲು ಬಗ್ಗಿದ. ಬಗ್ಗಿದವನು ನಿದ್ದೆ ಬಂದವರ ಹಾಗೆ ಮೆಲ್ಲಗೆ ಕೂತುಬಿಟ್ಟ, ಹುಸ್ನಾ. ಕೂಗಲಿಲ್ಲ, ಕೈ ಎತ್ತಲಿಲ್ಲ. ಗಾಡಿಯ ಎರಡೂ ದೀಪ ಅವನ ಮುಖದ ಮೇಲೆ ಬಿದ್ದಿದ್ದವು, ಬಾಯಿ ತೆರೆದಿತ್ತು. ನಾನು ಅವನ ಹೆಸರು ಕೂಗುತ್ತಾ ಏಣಿಯ ಮೇಲೆ ಕಾಲಿಟ್ಟೆ. ಮಿತ್ರಾ ನನ್ನ ಸೀರೆ ಎರಡೂ ಕೈಯಲ್ಲಿ ಹಿಡಿದು ಎಳೆದು, "ಇಳೀಬ್ಯಾಡ ಬೇ, ಅಲ್ಲಿ ಗಾಳಿ ಇಲ್ಲ!" ಎಂದು ಕಿರುಚಿದಳು. ಆ ಕಿರುಚುವಿಕೆಗೇ ಓಣಿಯವರು ಓಡಿ ಬಂದರು. ಅಲ್ಲಾಭಕ್ಷ್ ಮೇಸ್ತ್ರಿ ಮತ್ತೆ ಮೂವರು ಗಂಡಸರು ಹಗ್ಗ ಹಿಡಿದು ಎಳೆದರು. ನಾನೊಬ್ಬಳೇ ಎಳೆದಾಗ ಅವನು ಒಂದು ಗೇಣೂ ಮೇಲೆ ಬಂದಿರಲಿಲ್ಲ.

ಅಲ್ಲಿಂದ ಮಸ್ಕಿ, ಮಸ್ಕಿಯಿಂದ ಇಲ್ಲಿಗೆ. ಆಂಬುಲೆನ್ಸಿನಲ್ಲಿ ಅವನ ಪಾದ ಹಿಡಿದುಕೊಂಡು ಕೂತಿದ್ದೆ, ತಣ್ಣಗಿದ್ದವು. ಇವತ್ತಿಗೂ ನನ್ನ ಕೈಗೆ ಆ ತಣುಪು ಹಾಗೇ ಇದೆ.

ಹೇಗಾಯಿತು ಎಂದು ಎಲ್ಲರೂ ಕೇಳಿದರು. ಗಾಡಿಯ ದೀಪ ನೋಡಿ ಮೋಸ ಹೋದ ಎಂದೆ. ಅವ್ವ ಮಿತ್ರಾಳ ಎದುರಿಗೇ ಹಣೆ ಚಚ್ಚಿಕೊಂಡು, "ಆ ಆಟಗಿ ಗಾಡಿನ ನನ್ನ ಮಗನ್ನ ಒಳಗ ಕರಕೊಂತು" ಎಂದಳು. ಮಿತ್ರಾ ಇಲ್ಲಿನ ನಮ್ಮ ಮನೆಗೆ ಬಂದು ಕಪಾಟಿನಲ್ಲಿದ್ದ ಕ್ರೇನು, ಟ್ರ್ಯಾಕ್ಟರು ಎಲ್ಲ ಬಿಚ್ಚಿ, ಬಣ್ಣ ಬಣ್ಣ ಬೇರೆ ಮಾಡಿ ಡಬ್ಬಿಗೆ ತುಂಬಿ, "ಹುಸ್ನಾ ಆಂಟಿಗೆ ಕೊಟ್ಟುಬಿಡು" ಎಂದಳು. ಅವತ್ತಿನಿಂದ ಸರಿಯಾಗಿ ಉಂಡಿಲ್ಲ. ಹನ್ನೆರಡು ವರ್ಷದ ಹುಡುಗಿ, ಬಾಯಿ ಮುಚ್ಚಿದರೆ ಮುಚ್ಚೇ ಇರುತ್ತಾಳೆ. ನನಗೆ ಹುಲಿಗೇಶನ ಮೌನಕ್ಕಿಂತ ಅವಳ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿದೆ.

ತಾಳು, ನರ್ಸ್ ಕರೆಯುತ್ತಿದ್ದಾಳೆ.

ಮುಕ್ಕಾಲು ಗಂಟೆಯ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಹುಲಿಗೇಶ ಮಾತಾಡಿದ! ದನಿ ಬಾವಿಯೊಳಗಿಂದ ಬಂದಂತಿತ್ತು, ಆದರೆ ಅವನದೇ ಮಾತು. ಮೊದಲು ಕೇಳಿದ್ದು ಏನು ಗೊತ್ತೇ? "ಯಕ್ಕಾ, ಗಾಡಿ ಮ್ಯಾಲ ಬಂತೇನು? ಇಲ್ಲಂದ್ರ ಮಿತ್ರಾ ಅಳತಾಳ." ಅದು ಇನ್ನೂ ಹಗೇವಿನ ತಳದಲ್ಲೇ ಇದೆ. ನಾನು ಅತ್ತುಬಿಟ್ಟೆ. ಅವ್ವ ಅವನ ತಲೆ ನೇವರಿಸುತ್ತಾ, ನಾನು ಅಷ್ಟು ಹೇಳಿದರೂ ಯಾಕೆ ಇಳಿದೆ ಮಗನೇ ಎಂದು ಕೇಳಿದಳು. ಅವನು ನನ್ನ ಕಡೆ ನೋಡಿದ. ಆಮೇಲೆ "ದೀಪ ಉರಿಯಾಕತ್ತಿತ್ತು ಬೇ" ಎಂದು ಕಣ್ಣು ಮುಚ್ಚಿದ.

ಹೊರಗೆ ಬಂದಾಗಲೂ ಅಳು ನಿಲ್ಲಲಿಲ್ಲ. ಸಂತೋಷಕ್ಕೆ ಎಂದು ನರ್ಸ್ ತಿಳಿದಳು. ಅಲ್ಲ ಹುಸ್ನಾ. ಮೂರು ದಿನದಿಂದ ನಾನು ಅವನು ಮಾತಾಡಲಿ ಎಂದು ಬೇಡಿಕೊಳ್ಳುತ್ತಿದ್ದೆ, ಮಾತಾಡಿದರೆ ಮೊದಲು ಏನು ಹೇಳುತ್ತಾನೋ ಎಂದು ಹೆದರುತ್ತಲೂ ಇದ್ದೆ. ಈಗ ಅವನು ನಾನು ಹೇಳಿದ್ದನ್ನೇ ಹೇಳಿದ. ನನ್ನನ್ನು ಉಳಿಸಲು ಹೇಳಿದನೋ, ಅವನಿಗೆ ಅಷ್ಟೇ ನೆನಪಿದೆಯೋ ತಿಳಿಯದು. ಏನೇ ಇರಲಿ, ಇನ್ನು ಯಾರೂ ನನ್ನನ್ನು ಕೇಳುವುದಿಲ್ಲ. ನಾನು ಪಾರಾದೆ. ಮಿತ್ರಾ ಮಾತ್ರ ಬದುಕಿನುದ್ದಕ್ಕೂ ಮಾವನನ್ನು ಹಗೇವಿಗೆ ಇಳಿಸಿದ ಹುಡುಗಿಯಾಗಿ ಉಳಿಯುತ್ತಾಳೆ.

ಆದ್ದರಿಂದ ಮೇಲೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಮಿತ್ರಾ ಹಗ್ಗಕ್ಕೆ ಹೋದಾಗ ಹುಲಿಗೇಶ ಕೇಳಿದ, "ಯಕ್ಕಾ, ಅವ್ವ ಹೇಳಿದಂಗ ದೀಪ ಇಳಸಿ ನೋಡೂಣೇನು?" ಆ ಹಿತ್ತಲಲ್ಲಿ ದೀಪ ಎಲ್ಲಿತ್ತು, ಎಣ್ಣೆ ಎಲ್ಲಿತ್ತು? ಅವ್ವನ ಮನೆಗೆ ಹೋಗಿ ತರಬೇಕು. ಬಿಸಿಲು ನೆತ್ತಿಗೆ ಬಂದಿತ್ತು, ನನಗೆ ಲಿಂಗಸುಗೂರಿನ ಬಸ್ಸು ಹಿಡಿಯುವ ಅವಸರ. ನಾನು ಬಗ್ಗಿ ನೋಡಿ ಹೇಳಿದೆ, "ಗಾಡಿ ದೀಪ ಉರಿಯಾಕತ್ತೈತಲ್ಲೋ, ಮತ್ಯಾವ ದೀಪ ಬೇಕು? ಇಳಿ." ಅವನು ಇಳಿದದ್ದು ನನ್ನ ಮಾತಿಗೆ.

ಹದಿನಾಲ್ಕು ವರ್ಷದಿಂದ ಆರನೆಯ ತರಗತಿಗೆ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ ತೋರಿಸುತ್ತೇನೆ. ನೋಡಿ ಮಕ್ಕಳೇ, ಗಾಳಿ ಮುಗಿಯಿತು, ಬತ್ತಿ ಆರಿತು ಎನ್ನುತ್ತೇನೆ. ಬ್ಯಾಟರಿಯ ದೀಪಕ್ಕೆ ಗಾಳಿಯ ಹಂಗಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಅವ್ವ ದೀಪ ಎಂದಿದ್ದಳು, ಕೆಳಗೆ ದೀಪ ಕಂಡಿತು, ಅಷ್ಟೇ.

ನಮ್ಮ ಮನೆಯವರಿಗೂ ಇನ್ನೂ ಹೇಳಿಲ್ಲ. ಅವ್ವನಿಗೆ ಹೇಳಿದರೆ ಆಮೇಲೆ ಅವಳು ನನ್ನ ಕೈಯ ನೀರು ಕುಡಿಯುತ್ತಾಳೋ ಇಲ್ಲವೋ. ಆದರೆ ಎಲ್ಲಕ್ಕಿಂತ ಮೊದಲು ಮಿತ್ರಾಳಿಗೆ ಹೇಳಬೇಕು, ಇವತ್ತು ಸಂಜೆಯೇ. ತಡ ಮಾಡಿದರೆ ನಾನು ಹೇಳುವವಳಲ್ಲ, ನಿನಗೆ ನನ್ನ ಗುಣ ಗೊತ್ತು. ಟ್ರೇನಿಂಗಿನಲ್ಲಿ ಮೇಷ್ಟ್ರು ಬೈದರೂ ಹೆದರದವಳು, ಮಗಳ ಮುಂದೆ ನಿಲ್ಲಲು ಹೆದರುತ್ತಿದ್ದೇನೆ.

ಪತ್ರವನ್ನೂ ಡಬ್ಬಿಯನ್ನೂ ನಾಳೆ ಹುಲಿಗೇಶನ ಜೊತೆಗಾರ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ. ಬಸ್‌ಸ್ಟ್ಯಾಂಡಿಗೆ ಬಂದು ಇಸಿದುಕೋ. ಸ್ಪರ್ಧೆಯ ಪಟ್ಟಿಯಿಂದ ಮಿತ್ರಾಳ ಹೆಸರು ತೆಗೆದುಬಿಡು.

ಬೈದಾದರೂ ಸರಿ, ಎರಡು ಸಾಲು ಬರೆ.

ನಿನ್ನ
ಯಶೋಧರಾ

ತಾ.ಕ. ಗುರುವಾರ ಬೆಳಿಗ್ಗೆ. ಡಬ್ಬಿ ಬರುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಹುಡುಕಬೇಡ. ಮಿತ್ರಾ ನಸುಕಿನಲ್ಲೇ ಎದ್ದು ಅದನ್ನು ಬಿಚ್ಚಿ ಕೂತಿದ್ದಾಳೆ. ಒಂದೇ ಮೋಟಾರಿನ ಗಾಡಿ, ಹೊರಳುವುದಿಲ್ಲ, ನೆಟ್ಟಗೆ ಮುಂದೆ ಹಿಂದೆ ಅಷ್ಟೇ ಹೋಗುತ್ತದೆ. ಮುಂದಿನ ಬಿಳಿ ದೀಪದ ಜಾಗದಲ್ಲಿ ಸ್ಟೀಲಿನ ಬಟ್ಟಲು ಕೂರಿಸಿ, ಎಣ್ಣೆ ಬತ್ತಿ ಇಡಲು ನೋಡುತ್ತಿದ್ದಾಳೆ. ಹೆಸರು ತೆಗೆಯುವುದನ್ನು ಎರಡು ದಿನ ತಡೆ.

ನಿನ್ನೆ ಸಂಜೆ ಅವಳಿಗೆ ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡದೆ ಹೇಳಿದಳು, "ನಾ ಗ್ವಾಡಿ ಹಿಂದನ ಇದ್ದೆ ಬೇ, ನೀ ಅಂದದ್ದು ಕೇಳಿಸಿತ್ತು. ಆ ದೀಪಕ್ಕ ಗಾಳಿ ಬೇಕಾಗಂಗಿಲ್ಲ ಅಂತ ನನಗ ಗೊತ್ತಿತ್ತು. ಹೇಳಬೇಕು ಅಂತ ಮಾಡಿದ್ದೆ. ನೀ ಟೀಚರ್ ಅದಿ, ನಿನಗ ಗೊತ್ತಿಲ್ದ ಇರತೈತೇನು ಅಂದ್ಕೊಂಡು ಹಗ್ಗ ಕೊಟ್ಟು ಸುಮ್ಕ ನಿಂತೆ."