ಹದಿನೇಳನೇ ಟ್ಯೂಬು

ಆರ್‌ಪಿಸಿ ಲೇಔಟ್, ವಿಜಯನಗರ
12 ಜನವರಿ 2025

ಪ್ರೀತಿಯ ಧನ್ಯಾ,

ವಾಟ್ಸಾಪ್‌ನಲ್ಲಿ ದಿನಾ ಹೂವಿನ ಚಿತ್ರ ಕಳಿಸುವ ದೊಡ್ಡಮ್ಮ ಇದ್ದಕ್ಕಿದ್ದಂತೆ ಪತ್ರ ಬರೆದಳಲ್ಲ ಎಂದು ನಗಬೇಡ. ಎದುರು ಕೂತು ಹೇಳೋಣವೆಂದು ಎರಡು ಸಲ ಬಸವೇಶ್ವರನಗರದ ನಿಮ್ಮ ಮನೆಗೆ ಬಂದೆ. ಎರಡು ಸಲವೂ ನೀನು ಕೊಟ್ಟ ಕಾಫಿ ಕುಡಿದು, ಕಾವೇರಿ ನೀರು ಯಾವ ಹೊತ್ತಿಗೆ ಬಿಡುತ್ತಾರೆ ಎಂದು ಮಾತಾಡಿ ವಾಪಸು ಬಂದೆ.

ನಿನ್ನ ಅಮ್ಮ ಹೋದ ಮೇಲೆ ಮಾಡಿದ ಶಿವಗಣಾರಾಧನೆಯ ದಿನ, ಊಟದ ಎಲೆ ಎತ್ತುವಾಗ ನೀನು ಕೇಳಿದೆ: "ದೊಡ್ಡಮ್ಮಾ, ನೀವು ಇಷ್ಟ್ ವರ್ಷ ಕ್ಯಾನ್ಸರ್ ಮೇಲೇ ಕೆಲಸ ಮಾಡಿದೋರು. ಅಮ್ಮಂಗೆ ಬರುತ್ತೆ ಅಂತ ಮೊದ್ಲೇ ಗೊತ್ತಾಗೋ ಹಾಗಿರ್ಲಿಲ್ವಾ?" ಇಲ್ಲ ಕಣೇ, ಅಂಡಾಶಯದ ಕ್ಯಾನ್ಸರ್ ಅಂದ್ರೆ ಹಾಗೇ, ಯಾರಿಗೂ ಗೊತ್ತಾಗಲ್ಲ ಅಂದೆ. ನೀನು ತಲೆಯಾಡಿಸಿದೆ. ನಾನು ಹೇಳಿದ್ದು ಸುಳ್ಳು.

2009ರ ಜನವರಿ, ಇಂಥದೇ ಅವರೆಕಾಯಿ ಕಾಲ. ಹತ್ತು ವರ್ಷ ವೈರಸ್‌ಗಳ ಬೆನ್ನು ಹತ್ತಿದ್ದ ನಾನು ಆಗಷ್ಟೇ ಕ್ಯಾನ್ಸರ್ ಜೀನ್‌ಗಳ ಕಡೆ ಹೊರಳಿದ್ದೆ. ಜ್ಞಾನಭಾರತಿ ಕಡೆಯ ನಮ್ಮ ಪುಟ್ಟ ಪ್ರಯೋಗಾಲಯಕ್ಕೆ ರೋಗಿಗಳ ರಕ್ತ ಬಂದಿತ್ತು. ಹೋಲಿಸಿ ನೋಡಲು ಆರೋಗ್ಯವಂತ ಹೆಂಗಸರ ರಕ್ತವೂ ಬೇಕು. ಅದು ಎಲ್ಲಿಂದ ಬರುತ್ತದೆ ಗೊತ್ತಾ? ತಂಗಿ, ನಾದಿನಿ, ಲ್ಯಾಬಿನ ಕಸ ಗುಡಿಸುವ ದುರ್ಗವ್ವ, ಹೀಗೆ ಕೈಗೆ ಸಿಕ್ಕವರ ತೋಳಿನಿಂದ.

ನಿನ್ನ ಅಮ್ಮ ನೀಲಾ ಅವರೆಕಾಳು ಉಪ್ಪಿಟ್ಟಿನ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದಳು. "ತಗೊಳೇ ಅಕ್ಕಾ, ಎಷ್ಟ್ ಬೇಕೋ ತಗೋ. ನನ್ ರಕ್ತಾನಾದ್ರೂ ಯೂನಿವರ್ಸಿಟಿ ಮೆಟ್ಲು ಹತ್ಲಿ" ಅಂದಳು. ಪಿಯುಸಿಗೇ ಓದು ಬಿಡಿಸಿ ಮದುವೆ ಮಾಡಿದ್ದರಲ್ಲ, ಆ ಸಿಟ್ಟನ್ನು ನನ್ನ ಮೇಲೆ ಹೀಗೆ ತಮಾಷೆಯಲ್ಲೇ ತೀರಿಸಿಕೊಳ್ಳುತ್ತಿದ್ದಳು. ಅವಳ ಟ್ಯೂಬಿಗೆ ಹದಿನೇಳು ಎಂದು ನಂಬರು ಬಿತ್ತು. ಟ್ಯೂಬಿನ ಮೇಲೆ ಹೆಸರು ಇರಕೂಡದು ಎಂಬುದು ನಿಯಮ, ಆದರೆ ನಂಬರು ಬರೆದವಳು ನಾನೇ.

ಆ ಹದಿನೇಳರಲ್ಲಿ ಬಿಆರ್‌ಸಿಎ-1 ಎಂಬ ಜೀನ್ ಕೆಟ್ಟಿತ್ತು. ಅದು ಕೆಟ್ಟವರಿಗೆ ಸ್ತನದ, ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಬಹಳ ಹೆಚ್ಚು. ವೈರಸ್ ಲ್ಯಾಬಿನಲ್ಲಿ ಬೆಳೆದವರಿಗೆ ಒಂದು ಭಯ ಮೈಗೂಡಿರುತ್ತದೆ: ಪಕ್ಕದ ಟ್ಯೂಬಿನಿಂದ ಒಂದು ಹನಿ ಹಾರಿದರೂ ಇಲ್ಲದ್ದು ಇದ್ದಂತೆ ಕಾಣುತ್ತದೆ. ಬೇಡದ ಫಲಿತಾಂಶ ಬಂದರೆ ನಾವು ಮೊದಲು ಬೈಯುವುದು ಟ್ಯೂಬನ್ನೇ. ನಾನೂ ಬೈದೆ. ಲ್ಯಾಬಿನ ದಾಖಲೆ ಪುಸ್ತಕದಲ್ಲಿ 'ಕಲಬೆರಕೆ, ಕೈಬಿಡಲಾಗಿದೆ' ಎಂದು ಬರೆದು, ಇಪ್ಪತ್ತೈದು ಮಂದಿಯ ಬದಲು ಇಪ್ಪತ್ತನಾಲ್ಕು ಎಂದು ತೋರಿಸಿ ಪ್ರಬಂಧ ಪ್ರಕಟಿಸಿದೆ. ಇನ್ನೊಮ್ಮೆ ಪರೀಕ್ಷಿಸಲು ಒಂದು ವಾರ ಸಾಕಿತ್ತು. ಪರೀಕ್ಷಿಸಲಿಲ್ಲ, ಮರೆತೂಬಿಟ್ಟೆ.

ಮುಂದಿನ ವರ್ಷ ನನಗೆ ಗರ್ಭಕೋಶದ ಗಡ್ಡೆಯ ಆಪರೇಷನ್ ಆಯಿತಲ್ಲ, ನಿನ್ನ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಿದ್ದರೂ ನೀಲಾ ಬಂದು ಇಪ್ಪತ್ತೊಂದು ದಿನ ಇಲ್ಲೇ ಇದ್ದಳು. ಮೆಂತ್ಯದ ಗಂಜಿ ಕುಡಿಸಿದಳು, ತಲೆ ಬಾಚಿದಳು, "ಸುಮ್ನೆ ಮಲ್ಕೊಳೇ ಪ್ರೊಫೆಸರಮ್ಮಾ" ಎಂದು ಗದರಿದಳು. ಆಗಲೂ ನನಗೆ ಹದಿನೇಳು ನೆನಪಾಗಲಿಲ್ಲ ಎಂದರೆ ನೀನು ನಂಬುತ್ತೀಯಾ?

ಈಗ ನಿನ್ನ ವಿಷಯ. ತಾಯಿಗೆ ಇದ್ದದ್ದು ಮಗಳಿಗೆ ಬರುವ ಸಂಭವ ಅರ್ಧಕ್ಕರ್ಧ. ಬಾರದೆಯೂ ಇರಬಹುದು. ಬಂದಿದ್ದರೆ, ಕ್ಯಾನ್ಸರ್ ಬರುವ ಮೊದಲೇ ಮಾಡಬಹುದಾದದ್ದು ಬಹಳ ಇದೆ. ನನ್ನ ಹಳೆಯ ವಿದ್ಯಾರ್ಥಿ ಮಧುಕುಮಾರ್ ಈಗ ಇಂಥ ಕುಟುಂಬಗಳಿಗೆ ಸಲಹೆ ಕೊಡುತ್ತಾನೆ. ಗುರುವಾರ ಹತ್ತೂವರೆಗೆ ನಿನ್ನ ಹೆಸರು ಬರೆಸಿದ್ದೇನೆ. ನನ್ನ ಮೇಲೆ ಸಿಟ್ಟು ಮಾಡಿಕೋ, ಮಾತು ಬಿಡು, ಆದರೆ ಆ ಸಿಟ್ಟಿಗೆ ಪರೀಕ್ಷೆ ತಪ್ಪಿಸಬೇಡ. ನಿನಗೂ ಏನಾದರೂ ಆದರೆ ನಾನು ಬದುಕಿದ್ದು ಪ್ರಯೋಜನವಿಲ್ಲ. ಬಾ ಎಂದರೆ ಜೊತೆಗೆ ಬರುತ್ತೇನೆ, ಬೇಡ ಎಂದರೆ ಇಲ್ಲ.

ನಿನ್ನ ತಲೆ ಸವರುವ ಯೋಗ್ಯತೆ ಉಳಿದಿದೆಯೋ ಇಲ್ಲವೋ ತಿಳಿಯದ
ನಿನ್ನ ದೊಡ್ಡಮ್ಮ,
ಸುವರ್ಣಾ

ತಾ.ಕ.: ಅಂಟಿಸಿದ ಕವರು ಮತ್ತೆ ಬಿಚ್ಚಿದ್ದೇನೆ. ಮಧುಕುಮಾರ್ ಮನೆತನದವರ ಕಾಯಿಲೆಗಳ ವಿವರ ಕೇಳುತ್ತಾನೆ, ಅದರಲ್ಲಿ ದೊಡ್ಡಮ್ಮನದೂ ಬರೆಸಬೇಕು. ನಿಜವನ್ನೇ ಬರೆಸು. ಹದಿನೇಳರಲ್ಲಿ ಆ ದೋಷ ಕಂಡ ವಾರವೇ ನಾನು ನನ್ನ ರಕ್ತ ತೆಗೆಸಿ ನೋಡಿದ್ದೆ. ಅದೇ ಜೀನ್, ಅದೇ ಜಾಗದಲ್ಲಿ ಕೆಟ್ಟಿತ್ತು. ಕಲಬೆರಕೆ ಅಲ್ಲವೆಂದು ಗೊತ್ತಿದ್ದೂ ಹಾಗೆ ಬರೆದೆ. ನಿಯಮ ಮುರಿದು ಅವಳ ಹೆಸರು ಹೊರಗೆ ತಂದರೆ ಪ್ರಬಂಧ ನಿಲ್ಲುತ್ತಿತ್ತು, ಮಾರ್ಚಿನಲ್ಲಿ ಪ್ರೊಫೆಸರ್ ಹುದ್ದೆಯ ಸಂದರ್ಶನವಿತ್ತು. ಆಮೇಲೆ ಹೇಳೋಣವೆಂದುಕೊಂಡೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ ಎಂದು ಹೆದರಿದೆ. ನನಗೆ ಗಡ್ಡೆ ಇರಲಿಲ್ಲ ಧನ್ಯಾ. ಕ್ಯಾನ್ಸರ್ ಬಾರದಿರಲೆಂದು ಅಂಡಾಶಯ ತೆಗೆಸಿಕೊಂಡಿದ್ದೆ. ಇಪ್ಪತ್ತೊಂದು ದಿನವೂ ಆ ಹೊಲಿಗೆಗೆ ಮುಲಾಮು ಹಚ್ಚಿದವಳು ನಿನ್ನ ಅಮ್ಮ.