ಬೋರ್ಡು ಬಡಿದ ಬಾವಿ

ಮುರಗೋಡ ಗುಡ್ಡದ ಬುಡ, 1974

ಬಾವಿ ನೀರು ನೋಡಲು ಬಂದಿದ್ದ ಸತ್ಯಪ್ಪ ಸಾಹೇಬರಿಗೆ,

ಜೋಳ ಬಿತ್ತುವುದರೊಳಗೆ ಬರತೇನಿ ಅಂದು ಹೋದಿರಿ, ಈಗ ಸುಗ್ಗಿಯೂ ಮುಗಿಯಿತು. ನಿಮ್ಮ ಜೀಪಿಗೆ ಗಾಲಿ ಇಲ್ಲವೋ, ನಿಮ್ಮ ಮಾತಿಗೆ ಬೆಲೆ ಇಲ್ಲವೋ?

ಲಡಾಯಿ ಮುಗಿದ ಮೇಲೆ, ಗುಡ್ಡದ ತುದಿಗೆ ಬೀಡು ಬಿಟ್ಟಿದ್ದ ಮಿಲಿಟರಿ ರಾಡಾರಿನ ಮಂದಿ ಇಳಿದು ಹೋದರು, ಎಣ್ಣೆಯ ಪೀಪಾಯಿಗಳನ್ನು ಅಲ್ಲೇ ಬಿಟ್ಟರು. ಆ ಎಣ್ಣೆ ಸೋರಿ ನನ್ನ ಬಾವಿಗೆ ಇಳಿದಿದೆ ಎಂದು ಹೇಳಿದವರು ನೀವೇ. ನೀರನ್ನು ಬಾಟಲಿಗೆ ತುಂಬಿಕೊಂಡು, ‘ಕುಡಿಯಬಾರದು’ ಎಂಬ ಬೋರ್ಡು ಬಡಿದು ಹೋದಿರಿ.

ಅಂದಿನಿಂದ ನನ್ನ ಕಟ್ಟೆಗೆ ಯಾರೂ ಬರುವುದಿಲ್ಲ. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಮನೆ ನಮ್ಮದು. ನಾನು ಕೊಡದೆ ಇರಲಾರೆ, ಅವರು ಕುಡಿಯಲಾರರು. ದೂರದ ಹಳ್ಳದಿಂದ ಹೊತ್ತು ತಂದ ನೀರು ಇದು ಅಂದರೂ ನಂಬುವುದಿಲ್ಲ. ನೆರೆಮನೆಯ ಸೋಮವ್ವ ಕೂಡ ಬೇಲಿಯ ಆಚೆಯೇ ನಿಂತು, “ಆರಾಮ ಅದಿಯೇನವ್ವಾ?” ಅಂತ ಕೂಗಿ ಹೋಗುತ್ತಾಳೆ. “ಒಳಗ ಬಾರವ್ವಾ, ಎಣ್ಣಿ ಮೆತ್ತೂದಿಲ್ಲ” ಅಂದೆ. ಬರಲಿಲ್ಲ.

ಪೀಪಾಯಿ ಎತ್ತಿಸಿರಿ. ಎಣ್ಣೆ ಕುಡಿದ ಮಣ್ಣು ತೆಗೆಸಿರಿ. ಬಾವಿಯ ಕೆಟ್ಟ ನೀರು, ಕೆಸರು ಬಳಿಸಿ ಆ ಬೋರ್ಡು ಕೀಳಿರಿ.

ಇನ್ನೊಂದು ಮಾತು. ಬಂದ ದಿನ ನಾನು ಕೊಟ್ಟ ತಂಬಿಗೆ ನೀರಿನ ಎಣ್ಣೆ ವಾಸನೆ ನಿಮ್ಮ ಮೂಗಿಗೆ ಹೊಡೆದಿತ್ತು. ಆದರೂ ಮುದುಕಿಯ ಮಾರಿ ನೋಡಿ ಪೂರ್ತಿ ಕುಡಿದಿರಿ. ಆಮೇಲೆ ನಿಮ್ಮ ಸುದ್ದಿಯೇ ಇಲ್ಲ. ನಿಮ್ಮ ಹೊಟ್ಟೆ ನೆಟ್ಟಗಿದೆಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆದು ತಿಳಿಸಿರಿ.

ನಿಮಗೆ ನೀರು ಕೊಟ್ಟ
ಚನ್ನವ್ವ