ಹನ್ನೆರಡು ಸೆಂಟಿಮೀಟರ್

ಭದ್ರಾವತಿ, ೧೯೯೯

ಸೆಪ್ಟೆಂಬರ್ ೧೫, ಬೆಳಿಗ್ಗೆ ೬.೫೦

ಇವತ್ತೂ ನಲವತ್ತು ಸುತ್ತು. ಎಡಗಾಲಲ್ಲಿ ಇಪ್ಪತ್ತು, ಬಲಗಾಲಲ್ಲಿ ಇಪ್ಪತ್ತು. ಸ್ಕೇಟ್ಸಿನ ಚಕ್ರ ಒಂದು ಸಲವೂ ಬಿಳಿ ಗೆರೆ ಬಿಡಲಿಲ್ಲ. ಅಪ್ಪ ಕಟ್ಟೆ ಮೇಲೆ ಕೂತು ಎಣಿಸಿದ. ಆಮೇಲೆ ತಿಂಡಿ ತಿಂದು ಸೈಕಲ್ ಹತ್ತಿ ಕಾರ್ಖಾನೆಗೆ ಹೋದ.

ಕ್ವಾರ್ಟರ್ಸ್ ಹಿಂದಿನ ಹಳೆಯ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿರುವ ಈ ಎರಡು ವೃತ್ತ ಅಪ್ಪನದೇ ಕೆಲಸ. ಫಿಗರ್ ಸ್ಕೇಟಿಂಗ್‌ಗೆ ಆರು ಮೀಟರ್ ಅಗಲದ ವೃತ್ತ ಬೇಕು, ಒಂದೇ ಕಾಲಲ್ಲಿ ಆ ಗೆರೆ ಮೇಲೇ ಹೋಗಬೇಕು ಎಂದು ಕೋಚ್ ಪ್ರಸನ್ನಕುಮಾರ್ ಸರ್ ಹೇಳಿದ್ದೇ ತಡ, ಸ್ಕೇಲು, ಹಗ್ಗ, ಪೇಂಟು ಹಿಡಿದು ಹೊರಟಿದ್ದ. ಎರಡು ವರ್ಷದ ಹಿಂದೆ. ಸರ್ ಟೇಪು ಕೊಡಲು ಬಂದರೆ ಬೇಡ ಅಂದ. "ಪ್ಯಾಟರ್ನ್ ಶಾಪಿನೋನು ಸಾರ್ ನಾನು. ರುದ್ರೇಶನ ಅಳತೆ ಯಾರೂ ಚೆಕ್ ಮಾಡಲ್ಲ." ಉಕ್ಕು ಎರೆಯುವ ಅಚ್ಚಿಗೆ ಮೊದಲು ಮರದ ಮಾದರಿ ಬೇಕಲ್ಲ, ಅದನ್ನು ಮಾಡುವುದು ಅಪ್ಪ. ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಜಂಬ ಬೇರೆ.

ಅಜ್ಜಿ ತಿಂಡಿ ಹೊತ್ತಿಗೆ ಮತ್ತೆ ಶುರು ಮಾಡಿದರು. "ಬರೋ ವರ್ಷ ಎಸ್ಸೆಸ್ಸೆಲ್ಸಿ. ಈ ಚಕ್ರ ಕಟ್ಕೊಂಡು ಕುಣಿಯೋದು ಸಾಕು ಮಾರಾಯ್ತಿ." ಅಪ್ಪ ಮಾತು ಕೊಟ್ಟೇಬಿಟ್ಟ — ಅಕ್ಟೋಬರಿನ ಜಿಲ್ಲಾ ಸೆಲೆಕ್ಷನ್‌ನಲ್ಲಿ ಫಸ್ಟ್ ಬಂದರೆ ಸ್ಟೇಟ್‌ಗೆ. ಬರದಿದ್ದರೆ ಸ್ಕೇಟ್ಸ್ ಅಟ್ಟಕ್ಕೆ. ನನ್ನನ್ನು ಯಾರೂ ಕೇಳಲಿಲ್ಲ.

ಸೆಪ್ಟೆಂಬರ್ ೨೬, ಸಂಜೆ

ಭಾನುವಾರ. ಶಿವಮೊಗ್ಗ. ಬಸ್ಸಿನಲ್ಲಿ ಶಂಕರಘಟ್ಟದ ಯೂನಿವರ್ಸಿಟಿ ಸ್ಟೂಡೆಂಟ್ಸ್, ನಿಲ್ಲಲೂ ಜಾಗವಿಲ್ಲ. ಕೋಟೆಯ ಕಲ್ಯಾಣ ಮಂಟಪ ಖಾಲಿ ಇದ್ದರೆ ಮಾತ್ರ ಕ್ಲಾಸು. ವೃತ್ತ ಬರೆಯಲು ನೆಲಕ್ಕೆ ಸೀಮೆಸುಣ್ಣವನ್ನೂ ಮುಟ್ಟಿಸುವಂತಿಲ್ಲ, ಹಾಗಾಗಿ ಅಲ್ಲಿ ಬರೀ ಜಂಪು, ಸ್ಪಿನ್ನು. ಎರಡು ಸಲ ಬಿದ್ದೆ. ಮಂಡಿ ಊದಿದೆ.

"ನಿನ್ನ ಜಂಪು ಅಷ್ಟಕ್ಕಷ್ಟೆ ರಶ್ಮಿ. ವೃತ್ತದ ಫಿಗರ್ಸ್ ಕೈ ಹಿಡಿಯತ್ತೆ" ಅಂದರು ಸರ್. ಅದೊಂದೇ ಸಮಾಧಾನ. ಅಪ್ಪನ ವೃತ್ತ ಕಣ್ಣು ಮುಚ್ಚಿದರೂ ಕಾಲಿಗೆ ಗೊತ್ತು.

ಅಕ್ಟೋಬರ್ ೧೦

ಆಗಲಿಲ್ಲ.

ಅಕ್ಟೋಬರ್ ೧೨

ಬರೆಯಲೇಬೇಕು, ಇಲ್ಲದಿದ್ದರೆ ಹೊಟ್ಟೆಯೊಳಗೇ ಕೊಳೆಯುತ್ತದೆ. ಸೆಲೆಕ್ಷನ್ ಇದ್ದದ್ದು ಶಿವಮೊಗ್ಗದ ನವುಲೆ ಕಡೆಯ ಹೊಸ ರಿಂಕಿನಲ್ಲಿ. ನುಣುಪು ನೆಲ, ಕಪ್ಪು ಗೆರೆ. ಶುರು ಚೆನ್ನಾಗೇ ಆಯಿತು. ಕಾಲು ಸುತ್ತು ಹೋಗುವಷ್ಟರಲ್ಲಿ ಚಕ್ರ ಗೆರೆಯಿಂದ ಹೊರಗೆ. ಎಳೆದು ತಂದೆ. ಮತ್ತೆ ಹೊರಗೆ. ಎಡಗಾಲು, ಬಲಗಾಲು — ಎರಡೂ ಹೊರಕ್ಕೇ. ಜಡ್ಜ್ ಮೇಡಂ ಬಗ್ಗಿ ನನ್ನ ಚಕ್ರವನ್ನೇ ನೋಡುತ್ತಿದ್ದರು. ಥರ್ಡ್. ಸಾಗರದ ಹುಡುಗಿ ಫಸ್ಟ್.

ಅಪ್ಪ ಎಲ್ಲರೆದುರು ಕೂಗಾಡಿದ. "ನನ್ನ ಮಗಳು ಗೆರೆ ಬಿಡೋಳಲ್ಲ! ನಿಮ್ಮ ಸರ್ಕಲ್ಲೇ ತಪ್ಪು!" ಇಪ್ಪತ್ತನಾಲ್ಕನೇ ತಾರೀಕಿಗೆ ಅಳೆಯೋಣ ಬನ್ನಿ ಅಂದರು ರಿಂಕಿನವರು. ಅಪ್ಪ ತನ್ನ ಸ್ಕೇಲು ತರುತ್ತಾನಂತೆ. ಸ್ಕೇಟ್ಸ್ ಅಟ್ಟಕ್ಕೆ ಹೋಯಿತು. ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಅಕ್ಟೋಬರ್ ೧೮

ಆಯುಧ ಪೂಜೆ. ವರ್ಷಕ್ಕೊಂದು ದಿನ ಮನೆಯವರನ್ನೂ ಕಾರ್ಖಾನೆಯೊಳಗೆ ಬಿಡುತ್ತಾರೆ. ಪ್ಯಾಟರ್ನ್ ಶಾಪ್ ತುಂಬಾ ಚೆಂಡುಹೂವು, ಕುಂಬಳಕಾಯಿ. ಅಪ್ಪನ ಜೊತೆ ಕೆಲಸ ಮಾಡುವ ಭೈರಪ್ಪ ಮಾಮ ಸ್ಕೇಲುಗಳಿಗೆ ಕುಂಕುಮ ಹಚ್ಚುತ್ತಿದ್ದರು.

"ಈ ಸ್ಕೇಲು ನಿಮ್ಮನೇಲಿರೋದ್ರ ಜೋಡಿ ಕಣಮ್ಮ. ಭಾರೀ ಸುಳ್ಳುಗಾರ ಇವನು" ಅಂದರು.

"ಯಾಕೆ ಮಾಮ?"

"ಉಕ್ಕು ಆರಿದ ಮೇಲೆ ಕುಗ್ಗತ್ತಲ್ಲ. ಅದಕ್ಕೇ ಮಾದರೀನ ಮೊದ್ಲೇ ದೊಡ್ಡದು ಮಾಡ್ಬೇಕು. ಇವನ ಒಂದು ಮೀಟ್ರು ನಿಜವಾಗ್ಲೂ ಒಂದು ಮೀಟ್ರು ಎರಡು ಸೆಂಟಿಮೀಟ್ರು."

ಕೈಯಲ್ಲಿದ್ದ ಮಂಡಕ್ಕಿ ಹಾಗೇ ಉಳಿಯಿತು. ಅಪ್ಪ ಆಚೆ ಕಾಯಿ ಒಡೆಯುತ್ತಿದ್ದ.

ಅಕ್ಟೋಬರ್ ೧೯

ಬೆಳಿಗ್ಗೆ ಯಾರಿಗೂ ಹೇಳದೆ ಹೊಲಿಗೆ ಡಬ್ಬಿಯ ಟೇಪು ತಗೊಂಡು ಕೋರ್ಟಿಗೆ ಹೋದೆ. ಮೂರು ಸಲ ಅಳೆದೆ. ಮೂರು ಸಲವೂ ಆರು ಮೀಟರ್ ಹನ್ನೆರಡು ಸೆಂಟಿಮೀಟರ್.

ಮೈ ಉರಿದುಹೋಯಿತು. ಎರಡು ವರ್ಷ! ಚಳಿಯಲ್ಲಿ, ಜ್ವರದಲ್ಲಿ, ಮಂಡಿ ಕಿತ್ತುಕೊಂಡು — ತಪ್ಪು ವೃತ್ತವನ್ನು ಕಾಲಿಗೆ ಕಲಿಸಿದೆನಲ್ಲ. ಯಾರೂ ಚೆಕ್ ಮಾಡಲ್ಲವಂತೆ. ಒಂದು ಸಲ ಸರ್ ಹತ್ತಿರ ಟೇಪು ಇಸಕೊಂಡಿದ್ದರೆ ಅಪ್ಪನ ಗಂಟೇನು ಹೋಗುತ್ತಿತ್ತು?

ಸಂಜೆ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ಅಪ್ಪ ತಲೆ ಮುಟ್ಟಿ, "ಭಾನುವಾರ ನೋಡ್ತಿರು, ಎಲ್ಲರ ಮುಂದೆ ಅಳೆದು ತೋರಿಸ್ತೀನಿ" ಅಂದ. ಅಲ್ಲಿ ಅವರ ಟೇಪೂ ಇರುತ್ತದೆ. ಅಷ್ಟು ಜನರೆದುರು ಅಪ್ಪನ ಮುಖ... ಕೋಪ ಇದೆ. ಆದರೆ ಅದನ್ನು ನೋಡಲು ನನ್ನಿಂದಾಗದು.

ಅಕ್ಟೋಬರ್ ೨೩, ಸಂಜೆ

ಹೇಳಿಬಿಟ್ಟೆ.

ಅಪ್ಪ ನಾಳೆಗೆಂದು ಜಗಲಿಯಲ್ಲಿ ಕೂತು ಸ್ಕೇಲು ಒರೆಸುತ್ತಿದ್ದ. "ಅಪ್ಪಾ, ನಾಳೆ ಹೋಗ್ಬೇಡ" ಅಂದೆ.

"ಯಾಕೆ? ಹೆದರ್ಕೋಬೇಡ, ನಾನಿದೀನಿ."

"ಅದು ಶಾಪಿನ ಸ್ಕೇಲು."

"ಶಾಪಿಂದೇ. ಅದಕ್ಕೇ ಅಲ್ವೇನೇ ನಾನು..." ಅಲ್ಲಿಗೇ ಮಾತು ನಿಲ್ಲಿಸಿದ. ಸ್ಕೇಲನ್ನು ತಿರುಗಿಸಿ ನೋಡಿದ. ನಾನು ಟೇಪನ್ನು ಪಕ್ಕದಲ್ಲಿ ಹಾಸಿದೆ. ಸ್ಕೇಲಿನ ನೂರು ಟೇಪಿನ ನೂರಾ ಎರಡಕ್ಕೆ ಬಂದು ನಿಂತಿತು.

ನನ್ನ ಮುಖ ನೋಡಲಿಲ್ಲ. "ಉಕ್ಕಿನ ಅಳತೆ ನಿನ್ನ ಕಾಲಿಗೆ ಹಾಕಿಬಿಟ್ನಲ್ಲೇ ಮಗಳೇ" ಅಂದ. ಬೈಯಬೇಕೆಂದು ಕೂಡಿಟ್ಟುಕೊಂಡದ್ದೆಲ್ಲ ಎಲ್ಲಿ ಹೋಯಿತೋ.

ಎದ್ದು ಒಳಗೆ ಹೋದ. ಅಜ್ಜಿ ಲಿಂಗಪೂಜೆ ಮುಗಿಸಿ ವಿಭೂತಿ ತೆಗೆದಿಡುತ್ತಿದ್ದರು.

"ಅವ್ವಾ, ಸೋತಿದ್ದು ಅವಳಲ್ಲ. ನಾನು. ಅಳತೆ ತಪ್ಪಿದ್ದು ನಂದು. ಇನ್ನೊಂದು ವರ್ಷ ಕೊಡು ಅವಳಿಗೆ."

ಅಜ್ಜಿ ಅಪ್ಪನನ್ನೇ ನೋಡಿದರು. "ನೀನು ತಪ್ಪು ಅಂತ ಒಪ್ಕೊಂಡಿದ್ದು ಇದೇ ಮೊದ್ಲು ಕಣೋ ರುದ್ರಾ" ಅಂದರು. ಆಮೇಲೆ, "ಎಸ್ಸೆಸ್ಸೆಲ್ಸಿಲಿ ಮಾರ್ಕ್ಸ್ ಕಮ್ಮಿ ಬಂದ್ರೆ ಅವಳಿಗಲ್ಲ, ನಿಂಗೇ ಬಾರಿಸ್ತೀನಿ."

ಅಟ್ಟದ ಏಣಿ ನಾನೇ ತಂದೆ.

ಅಕ್ಟೋಬರ್ ೨೪, ಬೆಳಿಗ್ಗೆ ೫.೫೦

ಕರಕರ ಸದ್ದಿಗೆ ಎಚ್ಚರ. ಕಿಟಕಿಯಿಂದ ನೋಡಿದರೆ ಅಪ್ಪ ಕೋರ್ಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ತಂತಿ ಬ್ರಷ್ಷಿನಲ್ಲಿ ಬಿಳಿ ಗೆರೆ ಉಜ್ಜುತ್ತಿದ್ದಾನೆ. ಅರ್ಧ ವೃತ್ತ ಆಗಲೇ ಹೋಗಿದೆ. ಪಕ್ಕದಲ್ಲಿ ಭೈರಪ್ಪ ಮಾಮನ ಮನೆಯಿಂದ ತಂದ ಉದ್ದದ ಟೇಪು. ಶಿವಮೊಗ್ಗದ ರಿಂಕಿನವರಿಗೆ ನಿನ್ನೆ ರಾತ್ರಿಯೇ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಬಂದನಂತೆ — ತಪ್ಪು ನಿಮ್ಮದಲ್ಲ, ನಂದು ಅಂತ.

ಕರೆಯುತ್ತಿದ್ದಾನೆ. "ರಶ್ಮೀ, ಬಾರೇ. ಟೇಪಿನ ಆ ತುದಿ ಹಿಡ್ಕೋ. ಎಷ್ಟು ಬಂತು ಅಂತ ನೀನೇ ಓದ್ಬೇಕು. ನಾನು ಓದಲ್ಲ."

ಬಂದೆ ಅಪ್ಪಾ. ಒಂದೇ ಒಂದು ಸಲ ಅಲ್ಲ, ಮೂರು ಸಲ ಓದ್ತೀನಿ, ಆಮೇಲೆ ನೀನೂ ಒಂದು ಸಲ ಓದು.